ಬ್ರಿಟನ್ನಿನಲ್ಲಿ ಅಂಡಾಣು, ವೀರ್ಯ ದಾನ: ಆ 985 ಪೌಂಡ್ ಯಾತಕ್ಕೆ ಕೊಡುತ್ತಾರೆ?

ಕಾಸರಗೋಡಿನ ಬದಿಯಡ್ಕ, ಪೆರ್ಲ, ಮಂಜೇಶ್ವರ ಕಡೆಯಿಂದ ಬ್ರಿಟನ್ನಿಗೆ ಬಂದು ಆಸ್ಪತ್ರೆ, ಕೇರ್ ಹೋಮ್‌ಗಳಲ್ಲಿ ದುಡಿಯುವ ನಮ್ಮವರು ಈಗ ಕಮ್ಮಿ ಇಲ್ಲ. ಅಂಡಾಣು ದಾನಿಗಳು ಬೇಕು, 985 ಪೌಂಡ್ ಸಿಗುತ್ತದೆ ಅನ್ನುವ ಮಾತು ಒಂದಲ್ಲ ಒಂದು ದಿನ ಅವರ ಕಿವಿಗೆ ಬೀಳುತ್ತದೆ. ನಮ್ಮ ರೂಪಾಯಿಯಲ್ಲಿ ಲಕ್ಷ ದಾಟುವ ಮೊತ್ತ. ಊರಿನ ಸಾಲಕ್ಕೆ ಆಯಿತಲ್ವಾ ಅಂತ ಒಬ್ಬಳಿಗೆ ಅನ್ನಿಸುತ್ತದೆ. ಅದೇ ಸುದ್ದಿ ಮನೆಗೆ ಮುಟ್ಟಿದರೆ ಅತ್ತೆ ಕೇಳುತ್ತಾರೆ: ‘ಎಂಥದು ಮಾರಾಯ್ತಿ, ಅದಕ್ಕೂ ದುಡ್ಡು ತಕ್ಕೊಳ್ಳುದಾ?’

ಇಬ್ಬರೂ ಅದನ್ನು ಬೆಲೆ ಅಂತಲೇ ತಿಳಿದಿದ್ದಾರೆ. ಇಲ್ಲಿನ ಕಾನೂನು ಹಾಗೆ ನೋಡುವುದಿಲ್ಲ.

ಬ್ರಿಟನ್ನಿನಲ್ಲಿ ಈ ವಿಷಯಕ್ಕೆ 1990ರಲ್ಲೇ ಕಾಯ್ದೆ ಬಂತು. ಅದರ ಉಸ್ತುವಾರಿ ಎಚ್‌ಎಫ್‌ಇಎ ಎಂಬ ಸರ್ಕಾರಿ ಪ್ರಾಧಿಕಾರದ್ದು. ಅಂಡಾಣು, ವೀರ್ಯವನ್ನು ಮಾರುವ ಹಾಗಿಲ್ಲ. ದಾನಿಯ ಸಮಯ, ಓಡಾಟ, ತೊಂದರೆಗೆ ಪರಿಹಾರ ಕೊಡಬಹುದು, ಅದಕ್ಕೂ ಮಿತಿ ಇದೆ. 2012ರಿಂದ ಅಂಡಾಣು ದಾನಿಗೆ ಒಂದು ಸಲಕ್ಕೆ 750 ಪೌಂಡ್, ವೀರ್ಯದಾನಿಗೆ ಕ್ಲಿನಿಕ್ಕಿನ ಒಂದು ಭೇಟಿಗೆ 35 ಪೌಂಡ್ ಇತ್ತು. 2024ರ ಅಕ್ಟೋಬರ್‌ನಲ್ಲಿ ಅದು 985 ಮತ್ತು 45 ಆಯಿತು. ಐದು ಅಂಡಾಣು ಸಿಕ್ಕಿದರೂ ಅಷ್ಟೇ, ಹದಿನೈದು ಸಿಕ್ಕಿದರೂ ಅಷ್ಟೇ. ಓದಿದವಳು, ಬೆಳ್ಳಗಿರುವವಳು ಅಂತ ಜಾಸ್ತಿಯೂ ಇಲ್ಲ. ದಾನ ಪಡೆಯುವ ದಂಪತಿ ಕ್ಲಿನಿಕ್ಕಿಗೆ ಸಾವಿರಾರು ಪೌಂಡ್ ಕಟ್ಟುತ್ತಾರೆ ನಿಜ. ಅದು ಚಿಕಿತ್ಸೆಯ ಶುಲ್ಕ.

ಈ ದೇಶದವರಿಗೆ ಇದು ಸಹಜವಾಗಿ ಕಾಣಲು ಕಾರಣ ಇದೆ. ಇಲ್ಲಿ ರಕ್ತ ಕೊಟ್ಟವರಿಗೂ ದುಡ್ಡು ಕೊಡುವುದಿಲ್ಲ. ಇಂಥ ಚಿಕಿತ್ಸೆಗಳ ಬಗ್ಗೆ ಸರ್ಕಾರ ನೇಮಿಸಿದ್ದ, ಮೇರಿ ವಾರ್ನಾಕ್ ಎಂಬ ತತ್ವಶಾಸ್ತ್ರಜ್ಞೆಯ ಸಮಿತಿ 1984ರಲ್ಲಿ ವರದಿ ಕೊಟ್ಟಾಗ, ವೀರ್ಯದಾನಿಗೆ ಖರ್ಚು ಮಾತ್ರ ಕೊಡುವ ಕಡೆಗೆ ಮೆಲ್ಲಗೆ ಸಾಗಬೇಕು ಎಂದೇ ಹೇಳಿತ್ತು. ಅಮೆರಿಕದ ರೀತಿ ಬೇರೆ. ಅಲ್ಲಿ ಅಂಡಾಣು ದಾನಿಗೆ ಸಾವಿರಾರು ಡಾಲರ್ ಕೊಡುವುದು ಮಾಮೂಲು. ಕೆನಡಾದಲ್ಲಿ ರಸೀದಿ ತೋರಿಸಿದ ಖರ್ಚು ಬಿಟ್ಟು ದುಡ್ಡು ಕೊಟ್ಟರೆ ಅಪರಾಧ. ನಮ್ಮ ದೇಶದಲ್ಲಿ 2021ರ ಕಾಯ್ದೆ ಮಾರಾಟವನ್ನು ನಿಷೇಧಿಸಿದೆ. ಒಬ್ಬ ಹೆಂಗಸು ಜೀವನದಲ್ಲಿ ಒಂದೇ ಸಲ ಅಂಡಾಣು ಕೊಡಬಹುದು, ಏಳಕ್ಕಿಂತ ಜಾಸ್ತಿ ತೆಗೆಯುವ ಹಾಗಿಲ್ಲ ಎಂದೂ ಅದು ಹೇಳುತ್ತದೆ. ಮಂಗಳೂರಿನ ಆಸ್ಪತ್ರೆಗೆ ಹೋಗಿ ಬಂದ ಅಕ್ಕನ ಅನುಭವ ಕೇಳಿ ಇಲ್ಲಿಯೂ ಹಾಗೇ ಅಂದುಕೊಳ್ಳಬೇಡಿ.

ಹಾಗಾದರೆ ದುಡ್ಡೇ ತೆಗೆದುಕೊಳ್ಳದಿದ್ದರೆ ಒಳ್ಳೆಯದಲ್ವಾ ಎಂದು ಊರಿನ ಹಿರಿಯರು ಕೇಳಬಹುದು. ನಾನು ಒಪ್ಪುವುದಿಲ್ಲ. ಆ ಹುಡುಗಿಯ ಎರಡು ವಾರ ಹೇಗಿರುತ್ತದೆ ನೋಡಿ. ಸುಮಾರು ಹತ್ತು ಹನ್ನೆರಡು ದಿನ ತನ್ನ ಹೊಟ್ಟೆಗೆ ತಾನೇ ಇಂಜೆಕ್ಷನ್ ಚುಚ್ಚಿಕೊಳ್ಳಬೇಕು. ನೈಟ್ ಶಿಫ್ಟ್ ಇದ್ದರೂ ಔಷಧಿಯ ಹೊತ್ತು ತಪ್ಪಬಾರದು. ಮಧ್ಯೆ ಮಧ್ಯೆ ಸ್ಕ್ಯಾನ್. ಹೊಟ್ಟೆ ಉಬ್ಬರಿಸುತ್ತದೆ. ಕೊನೆಗೆ ಮಂಪರು ಬರಿಸಿ, ಒಳಗಿನಿಂದ ಸೂಜಿ ಹಾಕಿ ಅಂಡಾಣು ತೆಗೆಯುತ್ತಾರೆ. ಆ ದಿನ ಮನೆಗೆ ಕರೆದುಕೊಂಡು ಹೋಗಲು ಜೊತೆಗೆ ಒಬ್ಬರು ಬೇಕು. ಅಪರೂಪಕ್ಕೆ ಅಂಡಾಶಯ ಅತಿಯಾಗಿ ಊದಿ ಆಸ್ಪತ್ರೆ ಸೇರುವ ಹಾಗೂ ಆಗುತ್ತದೆ. ಯಾರೋ ಅಪರಿಚಿತರ ಮಡಿಲು ತುಂಬಲಿ ಎಂದು ಇಷ್ಟೆಲ್ಲ ಮಾಡುವವಳು ಸಂಬಳವನ್ನೂ ಕಳೆದುಕೊಳ್ಳಬೇಕು ಅನ್ನುವುದು ಯಾವ ನ್ಯಾಯ? ಆ ದುಡ್ಡನ್ನು ತಲೆ ಎತ್ತಿಯೇ ತೆಗೆದುಕೊಳ್ಳಲಿ. ಓಡಾಟ, ಮಗು ನೋಡಿಕೊಳ್ಳುವವರ ಖರ್ಚು ಮಿತಿ ಮೀರಿದರೆ ಅದನ್ನೂ ಕೇಳಬಹುದು.

ಆದರೆ ಸಾಲ ತೀರಿಸಲಿಕ್ಕೆ ಅಂತಲೇ ಹೊರಟವರಿಗೆ ನಾನು ಬೇಡ ಎನ್ನುತ್ತೇನೆ. ರಜೆ, ಸುಸ್ತು ಎಲ್ಲ ಲೆಕ್ಕ ಹಾಕಿದರೆ ಕೈಯಲ್ಲಿ ಉಳಿಯುವುದು ಅಷ್ಟಕ್ಕಷ್ಟೇ.

ಇನ್ನೊಂದು ಬಗೆ ಇದೆ. ತನಗೇ ಐವಿಎಫ್ (ದೇಹದ ಹೊರಗೆ ಭ್ರೂಣ ಮಾಡುವ ಚಿಕಿತ್ಸೆ) ಬೇಕಾದವಳು ತನ್ನ ಅಂಡಾಣುಗಳಲ್ಲಿ ಒಂದು ಪಾಲನ್ನು ಬೇರೆಯವರಿಗೆ ಕೊಟ್ಟರೆ ಚಿಕಿತ್ಸೆಯ ಖರ್ಚು ಇಳಿಯುತ್ತದೆ. ನೇರ ದುಡ್ಡು ಇಲ್ಲದ ಕಾರಣ ನಮ್ಮವರಿಗೆ ಇದು ಮರ್ಯಾದೆಯ ದಾರಿಯಾಗಿ ಕಾಣುತ್ತದೆ. ನನಗೆ ಹೆಚ್ಚು ಹೆದರಿಕೆ ಇದರ ಬಗ್ಗೆಯೇ. ಪಡೆದವಳಿಗೆ ಮಗುವಾಗಿ, ಕೊಟ್ಟವಳಿಗೆ ಆಗದೆ ಹೋಗಬಹುದು. ಗಂಡ ಹೆಂಡತಿ ಮೊದಲು ಕೂತು ಈ ಒಂದು ಮಾತನ್ನು ಪೂರ್ತಿ ಮಾತಾಡಿ ಮುಗಿಸಬೇಕು.

ದಾನ ಪಡೆಯುವ ನಮ್ಮವರಿಗೆ ಬರುವ ಚಿಂತೆಯೇ ಬೇರೆ. ತಾಯಿಯ ಕಡೆಯಿಂದ ವಂಶ ಎಣಿಸುವ ಅಳಿಯಕಟ್ಟಿನ ಮನೆಗಳಲ್ಲಿ ಬಳಿ, ಅಂದರೆ ಕುಲ, ತಾಯಿಯಿಂದ ಬರುತ್ತದೆ, ಹಾಗಾಗಿ ಅಂಡಾಣು ಅಂದರೆ ಅಳುಕು. ಬ್ರಾಹ್ಮಣರ ಮನೆಗಳಲ್ಲಿ ಗೋತ್ರ ತಂದೆಯದ್ದು, ಅಲ್ಲಿ ವೀರ್ಯ ಅಂದರೆ ಅಳುಕು. ಬ್ರಿಟನ್ನಿನ ಕಾನೂನಿಗೆ ಗೊಂದಲವಿಲ್ಲ. ಹೊತ್ತು ಹೆತ್ತವಳೇ ತಾಯಿ. ಒಪ್ಪಿಗೆ ಕೊಟ್ಟ ಗಂಡನೇ ತಂದೆ. ಹೊತ್ತವಳ ಬಳಿಯೇ ಮಗುವಿನ ಬಳಿ ಎಂದು ನಾನೂ ನಂಬುತ್ತೇನೆ. ನಮ್ಮ ಚಹರೆಯ ದಾನಿಗಳು ಇಲ್ಲಿ ಕಮ್ಮಿ, ಕಾಯಬೇಕಾಗಿ ಬರುತ್ತದೆ. ಆತುರಕ್ಕೆ ಬಿದ್ದು ಫೇಸ್‌ಬುಕ್ಕಿನಲ್ಲಿ ಸಿಗುವ ವೀರ್ಯದಾನಿಗಳ ಹತ್ತಿರ ಹೋಗಬೇಡಿ. ಪರವಾನಗಿ ಇರುವ ಕ್ಲಿನಿಕ್ಕಿನಲ್ಲಿ ಕೊಟ್ಟವನಿಗೆ ಮಗುವಿನ ಮೇಲೆ ಹಕ್ಕೂ ಇಲ್ಲ, ಹೊಣೆಯೂ ಇಲ್ಲ. ಹೊರಗೆ ಕೊಟ್ಟವನು ಕಾನೂನಿನ ಲೆಕ್ಕದಲ್ಲಿ ತಂದೆಯೇ ಆಗಿಬಿಡಬಹುದು, ಮಗುವಿನ ಖರ್ಚೂ ಅವನ ಮೇಲೆ ಬೀಳಬಹುದು. ಇದು ನಮ್ಮ ಹುಡುಗರಿಗೂ ಗೊತ್ತಿರಲಿ.

ದುಡ್ಡಿಗಿಂತ ದೊಡ್ಡ ವಿಷಯ ಹೆಸರಿನದು. 2005ರ ಏಪ್ರಿಲ್ 1ರ ನಂತರ ಇಲ್ಲಿ ಗುಟ್ಟಿನ ದಾನ ಇಲ್ಲ. ಹುಟ್ಟಿದ ಮಗು 18 ತುಂಬಿದ ಮೇಲೆ ದಾನಿಯ ಹೆಸರು, ಹುಟ್ಟಿದ ದಿನ, ಕೊನೆಯದಾಗಿ ದಾಖಲಾದ ವಿಳಾಸ ಕೇಳಿ ಪಡೆಯಬಹುದು. ಒಬ್ಬ ದಾನಿಯಿಂದ ಬ್ರಿಟನ್ನಿನಲ್ಲಿ ಹತ್ತು ಕುಟುಂಬಗಳವರೆಗೆ ಮಕ್ಕಳಾಗಬಹುದು. ಅಷ್ಟು ಹೊತ್ತಿಗೆ ನೀವು ಊರಿಗೆ ವಾಪಸಾಗಿ ನೀರ್ಚಾಲಿನಲ್ಲೋ ಕುಂಬಳೆಯಲ್ಲೋ ಮನೆ ಕಟ್ಟಿರಬಹುದು. ಒಂದು ದಿನ ಅವರಲ್ಲಿ ಯಾರಾದರೂ ಪತ್ರ ಬರೆದರೆ ಮನೆಯವರಿಗೆ ಮೊದಲ ಸಲ ಗೊತ್ತಾಗುವ ಹಾಗೆ ಇಡಬೇಡಿ. ಗಂಡನಿಗೆ, ಹೆಂಡತಿಗೆ ಈಗಲೇ ಹೇಳಿ. ಮುಂದೆ ಮದುವೆಯಾಗುವವರು ಮದುವೆಗೆ ಮೊದಲೇ ಹೇಳಲಿ. ಕ್ಲಿನಿಕ್ಕಿನಲ್ಲಿ ಕೌನ್ಸೆಲಿಂಗ್ ಕೊಡುತ್ತಾರೆ, ಸುಮ್ನೆ ಸಹಿ ಹಾಕಿ ಬರಬೇಡಿ, ಇದನ್ನೆಲ್ಲ ಅಲ್ಲಿ ಕೇಳಿ. ಹುಟ್ಟುವ ಮಗುವಿಗೆ ನಾಲ್ಕು ಮಾತು ಬರೆದಿಡಲು ಜಾಗ ಇರುತ್ತದೆ, ಅದನ್ನು ಖಾಲಿ ಬಿಡಬೇಡಿ. ಸಹಿ ಹಾಕಿದ ಮೇಲೂ ಮನಸ್ಸು ಬದಲಾದರೆ, ಭ್ರೂಣವನ್ನು ಇನ್ನೊಬ್ಬಳ ಗರ್ಭಕ್ಕೆ ಸೇರಿಸುವವರೆಗೂ ಒಪ್ಪಿಗೆ ಹಿಂತೆಗೆದುಕೊಳ್ಳುವ ಹಕ್ಕು ದಾನಿಗೆ ಇದೆ.