ಡಬ್ಬಿ ಅದೇ, ಕಿವಿ ಅದೇ: ಹಳೇ ಹೆಡ್‌ಫೋನ್, ಹೊಸ ಹೆಡ್‌ಫೋನ್

"ಈ ಮಾಡೆಲ್ಲಿನ ಹಳೇ ಪೀಸ್ ಬ್ಯಾರೇನೇ ಇತ್ರಿ. ಈಗಿಂದು ಬರೇ ಗುಂಯ್ ಅಂತದ, ದನಿ ಒಳಗ ಹೋಗಿ ಕುಂತದ." ಸುಮಾರು ಎಂಟು ತಿಂಗಳು ನಾನು ಸಿಕ್ಕಸಿಕ್ಕವರಿಗೆಲ್ಲ ಹೀಗೆ ಹೇಳಿಕೊಂಡು ತಿರುಗಿದ್ದೇನೆ. ಸೂಪರ್ ಮಾರ್ಕೆಟ್ಟಿನ ಚಹಾದಂಗಡಿಯಲ್ಲಿ ಹೇಳಿದೆ, ಮದುವೆ ಮಂಟಪದ ಹಿಂದೆ ಕುಂತು ಹೇಳಿದೆ, ಹೊಸದನ್ನು ತರಿಸಬೇಕೆಂದಿದ್ದ ಇಬ್ಬರು ಹುಡುಗರಿಗೆ ಬೇಡವೆಂದೂ ಹೇಳಿದೆ. ಆಮೇಲೆ ಒಂದು ಬೇಸಿಗೆ ಕುಂತು ಎರಡನ್ನೂ ಅಳೆದು ನೋಡಿದೆ. ಆ ಇಬ್ಬರು ಹುಡುಗರಿಗೆ ಈಗ ಮುಖ ತೋರಿಸುವುದು ಸ್ವಲ್ಪ ಕಷ್ಟ.

ನನ್ನ ಕೆಲಸ ಕಲಬುರಗಿಯಲ್ಲಿ ಮದುವೆ ವಿಡಿಯೋಗಳಿಗೆ ಆಡಿಯೋ ಕೂಡಿಸುವುದು. ಅದು ಹೊಟ್ಟೆಪಾಡು. ಅಮಾವಾಸ್ಯೆ ರಾತ್ರಿಗಳಲ್ಲಿ ಆಳಂದ, ಜೇವರ್ಗಿ ಕಡೆಯ ಮಠಗಳಿಗೆ ಹೋಗಿ ತತ್ವಪದ, ಭಜನೆ ರೆಕಾರ್ಡ್ ಮಾಡಿಕೊಂಡು ಬರುವುದು ನನ್ನ ಖುಷಿಗೆ. ಎರಡಕ್ಕೂ ಒಂದೇ ಹೆಡ್‌ಫೋನ್: ಸೋನಿ ಎಂಡಿಆರ್-7506. ಕಪ್ಪು ಕಪ್‌ನ ಮೇಲೆ ನೀಲಿ ಪಟ್ಟಿ, ಸುರುಳಿ ವಯರ್. ಈ ಕಸುಬಿನವರಿಗೆ ದೂರದಿಂದಲೇ ಗುರುತು ಸಿಗುತ್ತದೆ. 1991ರಿಂದ ಇದೇ ಹೆಸರಿನಲ್ಲಿ ಬರುತ್ತಿದೆ. 40 ಮಿಲಿಮೀಟರ್ ಡ್ರೈವರ್ (ಕಪ್ಪಿನೊಳಗಿನ ಪುಟ್ಟ ಸ್ಪೀಕರ್), 63 ಓಮ್ ವಿದ್ಯುತ್ ತಡೆ, ಹಿಂಭಾಗ ಮುಚ್ಚಿದ್ದು. ಮುಚ್ಚಿದ್ದೇ ಬೇಕು ನಮಗೆ, ಇಲ್ಲದಿದ್ದರೆ ಹಾರ್ಮೋನಿಯಂ ಪಕ್ಕದಲ್ಲಿ ಕುಂತಾಗ ಮೈಕಿನೊಳಗೆ ಏನು ಹೋಗುತ್ತಿದೆ ಅಂತ ತಿಳಿಯುವುದೇ ಇಲ್ಲ.

ಹಳೆಯದನ್ನು 2011ರಲ್ಲಿ ತಗೊಂಡಿದ್ದು. ಹನ್ನೆರಡು ಬೇಸಿಗೆ ಕಂಡಿದೆ ಅದು. ನಮ್ಮೂರ ಬೇಸಿಗೆ ಅಂದರೆ ಗೊತ್ತಲ್ಲ, ಮೇ ತಿಂಗಳಲ್ಲಿ 42 ಡಿಗ್ರಿ ದಾಟಿದರೂ ಯಾರೂ ಆಶ್ಚರ್ಯಪಡುವುದಿಲ್ಲ. ಬೆವರು, ತಲೆಗೆ ಹಚ್ಚಿದ ಕೊಬ್ಬರಿ ಎಣ್ಣೆ, ಧೂಳು, ಎಲ್ಲ ಕುಡಿದು ಪ್ಯಾಡಿನ ರೆಕ್ಸಿನ್ ಕರಿ ಚೂರುಚೂರಾಗಿ ಉದುರುತ್ತಿತ್ತು. ಕೆಲಸ ಮುಗಿಸಿ ಎದ್ದರೆ ಕಿವಿಯ ಸುತ್ತ ಮಸಿ ಹಚ್ಚಿದಂತೆ. ಒಳಗಿನ ಸ್ಪಂಜು ಹಪ್ಪಳದಷ್ಟು ತೆಳ್ಳಗಾಗಿತ್ತು. ನನಗೆ ಅದರಿಂದ ಏನೂ ತೊಂದರೆ ಅನಿಸಿರಲಿಲ್ಲ, ಯಾಕಂದರೆ ದಿನಾ ಸ್ವಲ್ಪಸ್ವಲ್ಪವೇ ಕೆಡುವುದು ಯಾರಿಗೂ ಗೊತ್ತಾಗುವುದಿಲ್ಲ. 2023ರಲ್ಲಿ ಪ್ಲಗ್ಗಿನ ಹತ್ತಿರ ವಯರ್ ಕರಕರ ಅನ್ನತೊಡಗಿದ ಮೇಲೆ ಅದೇ ಮಾಡೆಲ್ಲಿನ ಹೊಸದನ್ನು ತರಿಸಿದೆ. ಹಳೆಯದಕ್ಕೆ ಹೊಸ ಪ್ಲಗ್ ಬೆಸುಗೆ ಹಾಕಿ ಬದಿಗಿಟ್ಟೆ.

ಹೊಸದು ಹಾಕಿಕೊಂಡ ಮೊದಲ ರಾತ್ರಿಯೇ ಮನಸ್ಸು ಮುರಿಯಿತು. ಏಕತಾರಿಯ ತಂತಿ ಮೊದಲಿನಂತೆ ಕಿವಿಯ ಹತ್ತಿರ ಇಲ್ಲ. ಹಾಡುವವರ ದನಿಯ ಮುಂದೆ ಯಾರೋ ಕಂಬಳಿ ಇಳಿಬಿಟ್ಟಂತೆ. ತಬಲಾ ಜೋಡಿಯ ದಪ್ಪ ದನಿಯ ಡಗ್ಗಾ ಮಾತ್ರ ಎಲ್ಲ ಕಡೆ ತುಂಬಿಕೊಂಡಿದೆ. ಹೆಸರು ಉಳಿಸಿಕೊಂಡು ಒಳಗಿನದನ್ನು ಬದಲಾಯಿಸಿದ್ದಾರೆ ಅಂತ ಅಲ್ಲಿಯೇ ತೀರ್ಪು ಕೊಟ್ಟುಬಿಟ್ಟೆ.

ನನ್ನ ಜೊತೆ ಕೆಲಸ ಮಾಡುವ ಹುಡುಗ ಒಬ್ಬನಿದ್ದಾನೆ, ಪಾಲಿಟೆಕ್ನಿಕ್ ಮುಗಿಸಿದವ. ನನ್ನ ಈ ಪುರಾಣ ಹತ್ತನೇ ಸಲ ಕೇಳಿದಾಗ ಅಂದ: "ಕಾಕಾ, ಎರಡಕ್ಕೂ ಸೌಂಡ್ ಒಂದೇ ಲೆವೆಲ್ ಇಟ್ಟು ಕೇಳೀರೇನ್ರಿ?" ನಾಬ್ ಒಂದೇ ಜಾಗದಲ್ಲಿತ್ತಲ್ಲ ಅಂದೆ. "ನಾಬ್ ಅಲ್ರಿ, ಕಿವಿಗಿ ಬರೋದು."

ಅವನು ಹೇಳಿದ್ದು ಸರಿಯೇ ಇತ್ತು. ಒಂದು ಡೆಸಿಬೆಲ್ ಜೋರಿದ್ದರೆ ಜೋರು ಅಂತ ಅನಿಸುವುದಿಲ್ಲ, ಚಲೋ ಅಂತ ಅನಿಸುತ್ತದೆ. ಅಂಗಡಿಯವರಿಗೆ ಈ ಗುಟ್ಟು ಚೆನ್ನಾಗಿ ಗೊತ್ತು. ಇನ್ನೊಂದು: ಸೌಂಡ್ ಏರಿದಂತೆ ನಮ್ಮ ಕಿವಿಗೆ ಬೇಸ್, ಅಂದರೆ ಕೆಳಸ್ವರ, ಹೆಚ್ಚೆಚ್ಚು ಕೇಳುತ್ತದೆ. ಬೆಲ್ ಲ್ಯಾಬ್ಸ್‌ನ ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಇದನ್ನು ಅಳೆದು ಗೆರೆ ಎಳೆದಿಟ್ಟಿದ್ದಾರೆ. ಅಂದಮೇಲೆ ಲೆವೆಲ್ ಸರಿಮಾಡದೆ ಎರಡು ಹೆಡ್‌ಫೋನ್ ಹೋಲಿಸುವುದೆಂದರೆ ಎರಡು ಬೇರೆ ತಕ್ಕಡಿಯಲ್ಲಿ ತೊಗರಿಬೇಳೆ ತೂಗಿದ ಹಾಗೆ.

ಮೊದಲು ಕಣ್ಣು ಮುಚ್ಚಿ ಕೇಳುವ ಪರೀಕ್ಷೆ ಮಾಡೋಣ ಅಂದುಕೊಂಡೆವು. ನಾನು ಕುರ್ಚಿಯ ಮೇಲೆ, ಕಣ್ಣಿಗೆ ಟವೆಲ್. ಹುಡುಗ ನಾಣ್ಯ ಚಿಮ್ಮಿ ಯಾವುದೋ ಒಂದನ್ನು ತಂದು ತಲೆಗೆ ಹಾಕಬೇಕು. ಕೂಲರ್ ಬಂದ್, ಫ್ಯಾನ್ ಬಂದ್. "ಮನಿ ಒಲಿ ಆಗ್ಯದ, ಏನ್ ಮಾಡ್ಲಕತ್ತೀರಿ ಇಬ್ರೂ?" ಅಂತ ಒಳಗಿನಿಂದ ಮನೆಯವಳು. ಹತ್ತಕ್ಕೆ ಹತ್ತೂ ಸರಿ ಹೇಳಿದೆ. ಬೀಗಿದೆ ಕೂಡ. ಹುಡುಗ ನಕ್ಕ. ಹಳೆಯದು ತಲೆಯ ಮೇಲೆ ಬರುವಾಗಲೇ ಕೊಬ್ಬರಿ ಎಣ್ಣೆಯ ವಾಸನೆ ಬರುತ್ತದೆ, ಅದರ ಬ್ಯಾಂಡ್ ಸಡಿಲ, ಪ್ಯಾಡ್ ಚುಚ್ಚುತ್ತದೆ. ಹಾಡು ಶುರುವಾಗುವ ಮೊದಲೇ ನನಗೆ ಉತ್ತರ ಗೊತ್ತಿತ್ತು. ಹೆಡ್‌ಫೋನಿನ ಕಷ್ಟ ಇದೇ: ಸ್ಪೀಕರನ್ನು ಪರದೆಯ ಹಿಂದೆ ಬಚ್ಚಿಡಬಹುದು, ಇದನ್ನು ಎಲ್ಲಿ ಬಚ್ಚಿಡುವುದು?

ಹಾಗಾಗಿ ಕಿವಿಯ ಜಾಗದಲ್ಲಿ ಮೈಕ್ ಇಟ್ಟೆವು. ಮೊದಲು ಬೂಟಿನ ಡಬ್ಬಿಯ ರಟ್ಟಿಗೆ ತೂತು ಮಾಡಿದ್ದು, ಅದು ತಾನೇ ಅದುರಿತು. ಆಮೇಲೆ ಬಡಿಗರ ಹತ್ತಿರ ದಪ್ಪ ಪ್ಲೈವುಡ್ ತುಂಡು ತಗೊಂಡು, ನಡುವೆ ತೂತು ಹೊಡೆಸಿ, ಕಾಲರ್ ಮೈಕನ್ನು ಹಿಂದಿನಿಂದ ತೂರಿಸಿ ಅದರ ತಲೆ ಹಲಗೆಯ ಮಟ್ಟಕ್ಕೆ ನಿಲ್ಲುವಂತೆ ಮಾಡಿದೆವು. ಸಂದಿಗೆ ಚಪಾತಿ ಹಿಟ್ಟಿನಂಥ ಪುಟ್ಟಿ. ಅದರ ಮೇಲೆ ಒಂದು ಕಪ್ ಮಲಗಿಸಿ, ಮೇಲೆ ಒಂದೇ ತೂಕದ ಪುಸ್ತಕ ಇಟ್ಟು, ಕಂಪ್ಯೂಟರಿನಿಂದ ಕೆಳ ಸ್ವರದಿಂದ ಮೇಲಿನವರೆಗೂ ಏರುವ ಸ್ವೀಪ್ ಹಾಯಿಸಿದೆವು. ಆರ್‌ಇಡಬ್ಲ್ಯೂ ಅಂತ ಪುಕ್ಕಟೆ ಸಾಫ್ಟ್‌ವೇರ್ ಇದೆ, ಯಾವ ಸ್ವರ ಎಷ್ಟು ಜೋರು ಅಂತ ಅದೇ ಗೆರೆ ಬಿಡಿಸಿಕೊಡುತ್ತದೆ.

ಈ ಹಲಗೆ ಮನುಷ್ಯನ ಕಿವಿಯಲ್ಲ. ಇದರಲ್ಲಿ ಬಂದ ಗೆರೆಯನ್ನು ಹಿಡಿದು "ಈ ಹೆಡ್‌ಫೋನಿನ ಸೌಂಡ್ ಹೀಗಿದೆ" ಅಂತ ಹೇಳಲಾಗದು. ಆದರೆ ಮೈಕು, ಹಲಗೆ ಸೌಂಡಿಗೆ ಬಳಿಯುವ ಬಣ್ಣ ಎರಡೂ ಹೆಡ್‌ಫೋನಿಗೆ ಒಂದೇ ಆದ್ದರಿಂದ, ಎರಡರ ನಡುವಿನ ಅಂತರ ನಂಬಬಹುದು. ಲೆವೆಲ್ಲನ್ನು 1 ಕಿಲೋಹರ್ಟ್ಸ್ ಸ್ವರದಲ್ಲಿ ಸರಿಮಾಡಿಕೊಂಡೆವು; ಬೇಸಿನಲ್ಲಿ ಮಾಡಿದರೆ ಗಾಳಿ ಸೋರಿಕೆಯೇ ಲೆಕ್ಕ ತಪ್ಪಿಸುತ್ತದೆ. ಪ್ರತಿಯೊಂದನ್ನೂ ಐದು ಸಲ ಎತ್ತಿ ಎತ್ತಿ ಇಟ್ಟು ಸರಾಸರಿ ತೆಗೆದೆವು. ಇದನ್ನು ಬಿಡಬೇಡಿ. ಒಂದೇ ಕಪ್ಪನ್ನು ಕೂದಲೆಳೆಯಷ್ಟು ಸರಿಸಿ ಇಟ್ಟರೂ ಗೆರೆ ಬದಲಾಗುತ್ತಿತ್ತು. ಒಂದೇ ಸಲ ಅಳೆದು ಜಗಳಕ್ಕೆ ಹೋದವರನ್ನು ನಾನು ನೋಡಿದ್ದೇನೆ. ನಾನೇನು ಕಮ್ಮಿ, ಅಳೆಯದೆಯೇ ಹೋಗಿದ್ದೆ.

ಗೆರೆ ಬಂತು. 200 ಹರ್ಟ್ಸ್‌ನಿಂದ ಕೆಳಗೆ ಹಳೆಯದು ಜಾರುಬಂಡೆಯಂತೆ ಇಳಿಯುತ್ತ ಹೋಗಿ, 80ರ ಹತ್ತಿರ ಹೊಸದಕ್ಕಿಂತ ಎಂಟು ಡೆಸಿಬೆಲ್ ಕೆಳಗಿತ್ತು. ಮೇಲಿನ ಸ್ವರಗಳಲ್ಲಿ ಅಲ್ಲಲ್ಲಿ ಎರಡು-ಮೂರು ಡೆಸಿಬೆಲ್ ಹೆಚ್ಚು. ಅಂದರೆ ನನ್ನ ಕಿವಿ ಸುಳ್ಳು ಹೇಳಿರಲಿಲ್ಲ, ವ್ಯತ್ಯಾಸ ಇದ್ದೇ ಇತ್ತು. ನೋಡಿದ್ಯಾ ಅಂತ ಹುಡುಗನ ಬೆನ್ನು ತಟ್ಟಿದೆ. ಅವನು ಸುಮ್ಮನೆ ಹೊಸದರ ಪ್ಯಾಡ್‌ಗಳ ಅಂಚು ಹಿಡಿದು ಕಿತ್ತು, ಹಳೆಯದಕ್ಕೆ ಹಾಕತೊಡಗಿದ.

ಪ್ಯಾಡ್ ಹಾಕುವುದು ತಾಳ್ಮೆಯ ಕೆಲಸ. ಕಪ್ಪಿನ ಸುತ್ತ ಒಂದು ಅಂಚಿದೆ, ಪ್ಯಾಡಿನ ತುಟಿಯನ್ನು ಅದರೊಳಗೆ ಒಂದು ಕಡೆ ಸಿಕ್ಕಿಸಿ, ಬೆರಳಿಂದ ಎಳೆಯುತ್ತ ಸುತ್ತ ಬರಬೇಕು. ದಿಂಬಿಗೆ ಬಿಗಿ ಕವರ್ ಹಾಕಿದ ಹಾಗೆ. ಹಾಕಿ, ಹಲಗೆಯ ಮೇಲಿಟ್ಟು, ಮತ್ತೆ ಐದು ಸಲ ಅಳೆದೆವು. ಹಳೆಯದರ ಗೆರೆ ಹೊಸದರ ಗೆರೆಯ ಮೇಲೆ ಹೋಗಿ ಕುಂತಿತು. ಎಡ ಕಪ್ ಮಾತ್ರ ಒಂದು ಡೆಸಿಬೆಲ್ ಕೆಳಗೆ. ಅಷ್ಟು ಅಂತರ ಎರಡು ಹೊಸ ಪೀಸ್‌ಗಳ ನಡುವೆಯೂ ಇರಬಹುದು.

ನಡೆದಿದ್ದು ಇಷ್ಟೇ: ಮುಚ್ಚಿದ ಹೆಡ್‌ಫೋನಿನಲ್ಲಿ ಬೇಸ್ ನಿಲ್ಲಬೇಕೆಂದರೆ ಕಿವಿಯ ಸುತ್ತ ಗಾಳಿ ಸೋರಬಾರದು. ಹರಿದು ಚಪ್ಪಟೆಯಾದ ಪ್ಯಾಡಿನಲ್ಲಿ ಎಲ್ಲ ಕಡೆಯಿಂದ ಸೋರುತ್ತದೆ, ಮೊದಲು ಹೋಗುವುದೇ ಕೆಳಸ್ವರ. ಪ್ಯಾಡ್ ತೆಳುವಾದಷ್ಟೂ ಡ್ರೈವರ್ ಕಿವಿಗೆ ಹತ್ತಿರ ಬಂದು ಮೇಲಿನ ಸ್ವರಗಳೂ ಬದಲಾಗುತ್ತವೆ. ಬೇಸ್ ಹೋದರೆ ದನಿ ತಾನಾಗಿಯೇ ಬಿಡಿಬಿಡಿಯಾಗಿ ಕೇಳಿಸುತ್ತದೆ. ಅದನ್ನೇ ನಾನು 'ಹಳೇ ಪೀಸಿನ ಗುಣ' ಅಂತ ಹೊಗಳುತ್ತಿದ್ದೆ.

ಆದರೂ ಗೆರೆಯ ಮೇಲೆ ಪೂರ್ತಿ ವಿಶ್ವಾಸ ಬರಲಿಲ್ಲ. ನಾನು ಕೇಳುವವನು, ನೋಡುವವನಲ್ಲ. ಅದಕ್ಕೆ ಒಂದು ತತ್ವಪದದ ತುಣುಕನ್ನು ಎರಡರಲ್ಲೂ ನುಡಿಸಿ, ಹಲಗೆಯ ಮೈಕಿನಿಂದಲೇ ರೆಕಾರ್ಡ್ ಮಾಡಿ, ಲೆವೆಲ್ ಸರಿಮಾಡಿ, ಮೂರನೆಯ ಹೆಡ್‌ಫೋನಿನಲ್ಲಿ ಕೇಳಿದೆ. ವಾಸನೆಯೂ ಇಲ್ಲ, ಚುಚ್ಚುವುದೂ ಇಲ್ಲ. ಎ ಇದು, ಬಿ ಇದು, ಈಗ ಬಂದ ಎಕ್ಸ್ ಯಾವುದು ಹೇಳು ಅನ್ನುವ ಆಟ. ಹರಿದ ಪ್ಯಾಡಿದ್ದಾಗಿನ ತುಣುಕಿನಲ್ಲಿ ಹತ್ತಕ್ಕೆ ಹತ್ತು. ಎರಡಕ್ಕೂ ಒಂದೇ ಜೋಡಿ ಪ್ಯಾಡ್ ಹಾಕಿದ್ದಾಗಿನ ತುಣುಕಿನಲ್ಲಿ ಹತ್ತಕ್ಕೆ ಆರು. ಬರೀ ಅದೃಷ್ಟದ ಮೇಲೆ ಹತ್ತಕ್ಕೆ ಒಂಬತ್ತೋ ಹತ್ತೋ ಬರುವುದು ನೂರಕ್ಕೆ ಒಂದು ಸಲ. ಆರು ಅಂದರೆ ನಾಣ್ಯ ಚಿಮ್ಮಿದಂತೆಯೇ. ಎರಡನೇ ದಿನ ಹಠ ಹಿಡಿದು ಮತ್ತೆ ಕೂತೆ. ಐದು ಬಂತು.

ನಡುವೆ ಒಂದು ಎಡವಟ್ಟೂ ಆಯಿತು. ಹಳೆಯದಕ್ಕೇ ಒಂದು ಜೋಡಿ ಪ್ಯಾಡ್ ಇರಲಿ ಅಂತ ಒಂದು ಅಂಗಡಿಯಲ್ಲಿ ಕೇಳಿದೆ. "ಒರಿಜಿನಲ್ ಅದ ಸರ್" ಅಂತ ಕೊಟ್ಟರು. ದಪ್ಪ, ಮೆತ್ತಗೆ, ಸೋಫಾದ ಹಾಗಿತ್ತು. ಹಲಗೆಯ ಮೇಲಿಟ್ಟರೆ ಗೆರೆ ಎರಡಕ್ಕೂ ಹೊಂದದೆ ಮೂರನೆಯ ದಾರಿ ಹಿಡಿಯಿತು. ಕೇಳಿದರೆ ಕೊಡದ ಒಳಗೆ ಹಾಡಿದಂತೆ. ಹೆಡ್‌ಫೋನ್ ಹಾಳಾಗಿದೆ ಅಂದುಕೊಂಡವರು ಎಷ್ಟು ಮಂದಿ ಇಂಥ ಪ್ಯಾಡ್ ಹಾಕಿಕೊಂಡು ಕುಂತಿದ್ದಾರೋ. ಕೊನೆಗೆ ಸರಿಯಾದದ್ದನ್ನು ಹೊರಗಿನಿಂದ ತರಿಸಿದೆ.

ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಆ ರಾತ್ರಿ ಮಲಗಿದಾಗ ತಲೆಗೆ ಬೇರೆಯದೇ ಲೆಕ್ಕ ಬಂತು. ಹಳೆಯದು ಬೇಸ್ ಕಳೆದುಕೊಂಡು ಎಷ್ಟು ವರ್ಷ ಆಗಿತ್ತು? ಆ ವರ್ಷಗಳಲ್ಲಿ ನಾನು ಕೂಡಿಸಿದ ಆಡಿಯೋ ಎಲ್ಲ ಆ ಸೋರುವ ಕಿವಿಯಲ್ಲೇ ಅಲ್ಲವೇ? ಬೆಳಿಗ್ಗೆ ಎದ್ದು 2022ರ ಒಂದು ಅಮಾವಾಸ್ಯೆಯ ಫೈಲ್ ತೆಗೆದು ನೋಡಿದೆ. ಡಗ್ಗಾದ ಟ್ರ್ಯಾಕಿನಲ್ಲಿ 90 ಹರ್ಟ್ಸ್ ಸುತ್ತ ನನ್ನದೇ ಕೈಯಿಂದ ಆರು ಡೆಸಿಬೆಲ್ ಏರಿಸಿಟ್ಟಿದ್ದೆ. ನನಗೆ ಕೇಳಿಸದ್ದನ್ನು ಕೇಳಿಸುವಷ್ಟು ಏರಿಸಿದ್ದೆ, ಅಷ್ಟೇ.

ಅದೇ ಪದ ಹಾಡಿದ ಮುತ್ಯಾ ಆಗಲೇ ಫೋನ್ ಮಾಡಿ ಅಂದಿದ್ದರು: "ತಮ್ಮಾ, ನಿನ್ನ ರೆಕಾರ್ಡಿನಾಗ ಡಗ್ಗಾ ಭಾಳ ಗುಂಯ್‌ಗುಡ್ತದ. ಪದಾನೇ ಕೇಳ್ಸಂಗಿಲ್ಲ." ನಾನು ಅವರ ಮೊಮ್ಮಗ ತಂದುಕೊಟ್ಟ ಬ್ಲೂಟೂತ್ ಡಬ್ಬಿಯ ಮೇಲೆ ತಪ್ಪು ಹೊರಿಸಿ, ಅದರಾಗ ಹಂಗೇ ಬರ್ತದ ಮುತ್ಯಾ ಅಂತ ತಿಳಿಹೇಳಿದ್ದೆ. ಪಾಪ, ಹೌದೇನಪ್ಪಾ ಅಂತ ಫೋನ್ ಇಟ್ಟಿದ್ದರು.

ಆ ಆರು ಡೆಸಿಬೆಲ್ ತೆಗೆದು, ಇನ್ನೂ ಸ್ವಲ್ಪ ತಗ್ಗಿಸಿ, ಹೊಸ ಫೈಲ್ ಕಳಿಸಿದೆ. ಸಂಜೆ ಫೋನ್ ಬಂತು.

"ಈಗ ಪದ ಕೇಳ್ತದ ನೋಡು ತಮ್ಮಾ," ಅಂದರು. ಒಂದು ಗಳಿಗೆ ಬಿಟ್ಟು, "ಡಬ್ಬಿ ಅದೇ ಅದ."