ಪಠ್ಯಪುಸ್ತಕ ಇಲ್ಲದ ಕ್ಲಾಸಿನಲ್ಲಿ ಮಗು ಈ ವರ್ಷ ಏನು ಕಲಿಯುತ್ತದೆ? ಇಂಗ್ಲೆಂಡಿಗೆ ಹೋದ ಮಲೆನಾಡಿನ ಅಪ್ಪ ಅಮ್ಮಂದಿರಿಗೆ

ಪುಸ್ತಕ ಎಲ್ಲಿ? ಸಾಗರ, ತೀರ್ಥಹಳ್ಳಿ, ಹೊಸನಗರ ಕಡೆಯಿಂದ ಮಕ್ಕಳನ್ನು ಕರೆದುಕೊಂಡು ಇಂಗ್ಲೆಂಡಿಗೆ ಹೋದವರು ಮೊದಲು ಕೇಳುವುದು ಇದನ್ನೇ. ಮಗು ಶಾಲೆಗೆ ಸೇರಿ ಹದಿನೈದು ದಿನ ಆದರೂ ಬ್ಯಾಗಿನಲ್ಲಿ ಒಂದು ಕಥೆ ಪುಸ್ತಕ, ನೀರಿನ ಬಾಟಲಿ, ಊಟದ ಡಬ್ಬಿ ಬಿಟ್ಟರೆ ಬೇರೇನೂ ಕಾಣುವುದಿಲ್ಲ. ನೋಟ್ಸ್ ಇಲ್ಲ, ಗೈಡ್ ಇಲ್ಲ, ಯೂನಿಟ್ ಟೆಸ್ಟ್ ಇಲ್ಲ. "ಇವರು ಏನೂ ಕಲಿಸ್ತಾನೇ ಇಲ್ಲ ಅಕ್ಕಾ" ಅಂತ ಊರಿಗೆ ಫೋನು ಬರುತ್ತದೆ. ನಾನು ಅಲ್ಲಿನ ಒಂದು ಪ್ರೈಮರಿ ಶಾಲೆಯಲ್ಲಿ ಟೀಚಿಂಗ್ ಅಸಿಸ್ಟೆಂಟ್ ಆಗಿದ್ದೆ, ಈಗ ಶಿವಮೊಗ್ಗದಲ್ಲಿದ್ದೇನೆ, ಹಾಗಾಗಿ ಅಂಥ ಫೋನು ನನಗೆ ಆಗಾಗ ಬರುತ್ತಿರುತ್ತದೆ. ಕಲಿಸುತ್ತಾರೆ. ಚೆನ್ನಾಗಿಯೇ ಕಲಿಸುತ್ತಾರೆ. ಏನು ಕಲಿಸುತ್ತಾರೆ ಅನ್ನುವುದು ಪಠ್ಯಪುಸ್ತಕದಲ್ಲಿ ಇರುವುದಿಲ್ಲ, ಶಾಲೆಯ ವೆಬ್‌ಸೈಟಿನ ಒಂದೆರಡು ಹಾಳೆಯಲ್ಲಿ ಇರುತ್ತದೆ. ಆ ಹಾಳೆ ಹುಡುಕಿ, ಓದಿ, ಅದರ ಬಗ್ಗೆ ಮನೆಯಲ್ಲಿ ಕನ್ನಡದಲ್ಲೇ ಮಾತಾಡಿ. ನಾನು ಹೇಳಬೇಕಾದದ್ದು ಮುಖ್ಯವಾಗಿ ಇಷ್ಟೇ, ಉಳಿದದ್ದು ಇದರ ವಿವರ.

ಮೊದಲು ಕ್ಲಾಸಿನ ಲೆಕ್ಕ ತಿಳಿದುಕೊಳ್ಳಿ. ನಾನು ಹೇಳುತ್ತಿರುವುದು ಇಂಗ್ಲೆಂಡಿನ ವಿಷಯ. ಸ್ಕಾಟ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡಿನ ಪದ್ಧತಿ ಬೇರೆ. ಇಂಗ್ಲೆಂಡಿನಲ್ಲಿ ಶಾಲೆಯ ವರ್ಷ ಸೆಪ್ಟೆಂಬರಿನಿಂದ ಜುಲೈವರೆಗೆ. ಮಗುವನ್ನು ಯಾವ ಕ್ಲಾಸಿಗೆ ಹಾಕಬೇಕು ಅನ್ನುವುದು ವಯಸ್ಸಿನ ಮೇಲೆ, ಹಿಂದಿನ ಮಾರ್ಕ್ಸ್ ಕಾರ್ಡಿನ ಮೇಲಲ್ಲ. ಆಗಸ್ಟ್ 31ಕ್ಕೆ 8 ವರ್ಷ ತುಂಬಿ 9 ಆಗದ ಮಗು ಇಯರ್ 4ಕ್ಕೆ ಹೋಗುತ್ತದೆ. ನಮ್ಮಲ್ಲಿ ಆ ವಯಸ್ಸಿನ ಮಗು ಸಾಮಾನ್ಯವಾಗಿ 3ನೇ ಕ್ಲಾಸು. ಹಾಗಾಗಿ "ಒಂದು ಕ್ಲಾಸು ಹಾರಿಸಿಬಿಟ್ಟರು" ಅಂತ ಗಾಬರಿ ಬೇಡ, "ಡಬಲ್ ಪ್ರಮೋಷನ್" ಅಂತ ಸಿಹಿ ಹಂಚುವುದೂ ಬೇಡ. ಫೇಲ್ ಮಾಡಿ ಅದೇ ಕ್ಲಾಸಿನಲ್ಲಿ ಕೂರಿಸುವ ಪದ್ಧತಿ ಅಲ್ಲಿ ಇಲ್ಲ.

ಇನ್ನು ಆ ಹಾಳೆ. ಪ್ರತಿ ಕ್ಲಾಸಿಗೂ ಆ ವರ್ಷ ಯಾವ ವಿಷಯದಲ್ಲಿ ಏನು ಕಲಿಸುತ್ತೇವೆ ಅಂತ ಸರ್ಕಾರಿ ಅನುದಾನದ ಶಾಲೆಗಳು ವೆಬ್‌ಸೈಟಿನಲ್ಲಿ ಹಾಕಬೇಕು. 'ಕರಿಕ್ಯುಲಮ್ ಮ್ಯಾಪ್' ಅಥವಾ 'ಕರಿಕ್ಯುಲಮ್ ಓವರ್‌ವ್ಯೂ' ಅಂತ ಹುಡುಕಿದರೆ ಸಿಗುತ್ತದೆ. ಇದರ ಜೊತೆಗೆ ಪ್ರತಿ ಟರ್ಮಿನ ಶುರುವಿನಲ್ಲಿ ಕ್ಲಾಸ್ ಟೀಚರ್ ಕೂಡ ಒಂದು ಪತ್ರ ಕಳಿಸುವುದು ರೂಢಿ. ಅದರಲ್ಲಿ ಚೌಕ ಚೌಕವಾಗಿ ಗಣಿತ, ಇಂಗ್ಲಿಷ್, ವಿಜ್ಞಾನ, ಇತಿಹಾಸ, ಚಿತ್ರಕಲೆ ಅಂತ ಬರೆದು, ಒಂದೊಂದರಲ್ಲೂ ಎರಡು ಮೂರು ಸಾಲು ಇರುತ್ತದೆ. ಕೆಳಗೆ ಪಿಇ (ಆಟ, ವ್ಯಾಯಾಮದ ಪೀರಿಯಡ್) ಯಾವ ದಿನ, ಸ್ಪೆಲಿಂಗ್ ಟೆಸ್ಟ್ ಯಾವ ದಿನ, ಓದುವ ಪುಸ್ತಕ ಯಾವಾಗ ವಾಪಸ್ ಅಂತ. ಪ್ರಿಂಟ್ ತೆಗೆದು ಫ್ರಿಜ್ಜಿನ ಮೇಲೆ ಅಂಟಿಸಿ. ಒಂದು ಪ್ರತಿ ಊರಿನ ಅಜ್ಜ ಅಜ್ಜಿಗೂ ಕಳಿಸಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಈಗಿನ ರಾಷ್ಟ್ರೀಯ ಪಠ್ಯಕ್ರಮ ಜಾರಿಗೆ ಬಂದದ್ದು 2014ರಲ್ಲಿ. ಗಣಿತ ಅದರಲ್ಲಿ ವರ್ಷವಾರು ಇದೆ. ಇತಿಹಾಸ, ಭೂಗೋಳವನ್ನು ಇಯರ್ 3ರಿಂದ 6ರ ಒಳಗೆ ಯಾವಾಗ ಬೇಕಾದರೂ ಶಾಲೆ ಇಟ್ಟುಕೊಳ್ಳಬಹುದು. ಅದಕ್ಕೇ ಪಕ್ಕದ ಬೀದಿಯ ಶಾಲೆಯ ಮಗು ಈಜಿಪ್ಟ್ ಓದುತ್ತಿದ್ದರೆ ನಿಮ್ಮ ಮಗು ವೈಕಿಂಗರ ಕಥೆ ಓದುತ್ತಿರಬಹುದು. ಹೋಲಿಸಿಕೊಂಡು ತಲೆ ಕೆಡಿಸಿಕೊಳ್ಳಬೇಡಿ.

ಇಯರ್ 4ನ್ನೇ ಹಿಡಿದು ನೋಡೋಣ, ನನಗೆ ಚೆನ್ನಾಗಿ ಗೊತ್ತಿರುವ ಕ್ಲಾಸು ಅದು. ಗಣಿತದಲ್ಲಿ ದೊಡ್ಡ ವಿಷಯ ಮಗ್ಗಿ. 12ರ ಮಗ್ಗಿವರೆಗೆ ಬಾಯಿಗೆ ಬರಬೇಕು. ಜೂನ್ ತಿಂಗಳಲ್ಲಿ ಕಂಪ್ಯೂಟರ್ ಮೇಲೆ ಒಂದು ಪರೀಕ್ಷೆ ಇರುತ್ತದೆ: 25 ಪ್ರಶ್ನೆ, ಒಂದೊಂದಕ್ಕೆ 6 ಸೆಕೆಂಡ್. ಪಾಸು ಫೇಲು ಇಲ್ಲ, 25ಕ್ಕೆ ಎಷ್ಟು ಅಂತ ಹೇಳುತ್ತಾರೆ ಅಷ್ಟೇ. ಇಲ್ಲಿ ನಮ್ಮ ಮಕ್ಕಳಿಗೆ ಒಂದು ಅನುಕೂಲ ಇದೆ. ಪ್ರಶ್ನೆ ಬರೀ ಅಂಕಿಯಲ್ಲಿ ಬರುತ್ತದೆ, ಉತ್ತರವೂ ಅಂಕಿ. ಮಗು ಮನಸ್ಸಿನೊಳಗೆ "ಏಳೆಂಟ್ಲಿ ಐವತ್ತಾರು" ಅಂದುಕೊಂಡು 56 ಒತ್ತಿದರೆ ಯಾರೂ ಬೇಡ ಅನ್ನುವುದಿಲ್ಲ. ಅಜ್ಜ ಸಂಜೆ ದೀಪ ಹಚ್ಚಿದ ಮೇಲೆ ಹೇಳಿಸುತ್ತಿದ್ದ ಮಗ್ಗಿ ಅಲ್ಲೂ ಪೂರ್ತಿ ಉಪಯೋಗಕ್ಕೆ ಬರುತ್ತದೆ. ಒಂದೇ ಒಂದು ಎಚ್ಚರ: ಒಂದರಿಂದ ಸಾಲಾಗಿ ಹೇಳಿ ಅಭ್ಯಾಸ ಆದ ಮಗು 9×7 ಅಂತ ನಡುವಿನಿಂದ ಕೇಳಿದರೆ ಮತ್ತೆ ಮೊದಲಿನಿಂದ ಶುರು ಮಾಡುತ್ತದೆ, ಅಷ್ಟರಲ್ಲಿ 6 ಸೆಕೆಂಡ್ ಮುಗಿದಿರುತ್ತದೆ. ಸಾಲಾಗಿ ಬಂದ ಮೇಲೆ ಹಿಂದೆ ಮುಂದೆ ಮಾಡಿ ಕೇಳಿ.

ನಾಲ್ಕಂಕಿ ಸಂಖ್ಯೆಗಳ ಕೂಡುವುದು ಕಳೆಯುವುದು, ನೂರರವರೆಗೆ ರೋಮನ್ ಅಂಕಿ, ಸೊನ್ನೆಗಿಂತ ಕೆಳಗಿನ ಸಂಖ್ಯೆ, ಭಿನ್ನರಾಶಿ, 24 ಗಂಟೆಯ ಗಡಿಯಾರ, ಇವೂ ಇಯರ್ 4ರಲ್ಲಿ ಬರುತ್ತವೆ. ಲೆಕ್ಕ ಮಾಡುವ ಕ್ರಮ ಮಾತ್ರ ನಮ್ಮದಕ್ಕಿಂತ ಕೆಲವು ಕಡೆ ಬೇರೆ. ನೀವು ಕಲಿತ ಹಾಗೆ ಭಾಗಾಕಾರ ಹೇಳಿಕೊಡುವ ಮೊದಲು ಶಾಲೆಯ 'ಕ್ಯಾಲ್ಕುಲೇಷನ್ ಪಾಲಿಸಿ' ತೆಗೆದು ನೋಡಿ, ಹೆಚ್ಚಿನ ಶಾಲೆಗಳು ಅದನ್ನೂ ವೆಬ್‌ಸೈಟಿನಲ್ಲಿ ಇಟ್ಟಿರುತ್ತವೆ. ಯಾವ ವರ್ಷ ಯಾವ ರೀತಿ ಬರೆಸುತ್ತಾರೆ ಅಂತ ಚಿತ್ರ ಸಮೇತ ಇರುತ್ತದೆ. ಮನೆಯಲ್ಲೊಂದು ರೀತಿ, ಶಾಲೆಯಲ್ಲೊಂದು ರೀತಿ ಆದರೆ ಮಗುವಿಗೆ ಎರಡೂ ಸರಿಯಾಗಿ ಹತ್ತುವುದಿಲ್ಲ.

ಇಂಗ್ಲಿಷಿನಲ್ಲಿ ಓದುವುದಕ್ಕೇ ಹೆಚ್ಚು ಒತ್ತು. ಮನೆಗೆ ಬರುವ ಆ ಕಥೆ ಪುಸ್ತಕವೇ ದಿನದ ಹೋಂವರ್ಕ್ ಅಂತ ತಿಳಿಯಿರಿ. ಜೊತೆಗೆ ಒಂದು ರೀಡಿಂಗ್ ರೆಕಾರ್ಡ್ ಇರುತ್ತದೆ, ಇಷ್ಟು ಪುಟ ಓದಿದ ಅಂತ ಬರೆದು ನೀವು ಸಹಿ ಹಾಕಬೇಕು. ಎಷ್ಟೋ ಜನ ಇದನ್ನು ಖಾಲಿ ಬಿಡುತ್ತಾರೆ, ಬಿಡಬೇಡಿ. ಇಯರ್ 3 ಮತ್ತು 4ಕ್ಕೆ ಸೇರಿ ಸುಮಾರು 100 ಪದಗಳ ಸ್ಪೆಲಿಂಗ್ ಪಟ್ಟಿ ಇದೆ. ವ್ಯಾಕರಣವೂ ಸಾಕಷ್ಟಿದೆ.

ನನಗೆ ತುಂಬಾ ಇಷ್ಟವಾಗುವುದು ವಿಜ್ಞಾನ. ಇಯರ್ 4ರಲ್ಲಿ ಘನ, ದ್ರವ, ಅನಿಲ, ಶಬ್ದ, ವಿದ್ಯುತ್, ಹಲ್ಲು ಮತ್ತು ಜೀರ್ಣಾಂಗ, ಜೀವಿಗಳ ವರ್ಗೀಕರಣ. ಮಲೆನಾಡಿನ ಮನೆಗೆ ಇದರಲ್ಲಿ ಹೊಸದು ಯಾವುದು ಹೇಳಿ? ನಮ್ಮ ಸಂಬಂಧಿಕರ ಹುಡುಗ ಒಬ್ಬ ಅಲ್ಲಿ ನೀರಿನ ಚಕ್ರ ಕಲಿಯುತ್ತಿದ್ದ. ಆವಿಯಾಗುವುದು ಗೊತ್ತಾಗಿತ್ತು, ಆವಿ ತಣ್ಣಗಾಗಿ ಮತ್ತೆ ನೀರಾಗುವುದು ತಲೆಗೆ ಹೋಗಿರಲಿಲ್ಲ. ತೀರ್ಥಹಳ್ಳಿಯಿಂದ ಅವನ ಅಜ್ಜಿ ಫೋನನ್ನು ಬಚ್ಚಲಿಗೇ ತೆಗೆದುಕೊಂಡು ಹೋಗಿ, ಒಲೆ ಮೇಲಿದ್ದ ಹಂಡೆಯ ಮುಚ್ಚಳ ಎತ್ತಿ ತಿರುಗಿಸಿ ತೋರಿಸಿದರು. ಒಳಗಿನಿಂದ ಹನಿ ತೊಟತೊಟ ಅಂತ ಬೀಳುತ್ತಿತ್ತು. "ನೋಡು ಪುಟ್ಟಾ, ನಾನು ಈ ಮುಚ್ಚಳದ ಒಳಗೆ ನೀರು ಹಾಕಿದ್ನಾ? ಇಲ್ಲ. ಮತ್ತೆ ಎಲ್ಲಿಂದ ಬಂತು?" ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು "ಹಬೆ ತಣ್ಣಗಾಯ್ತು" ಅಂದ. ಮರುದಿನ ಕ್ಲಾಸಿನಲ್ಲಿ ಅದನ್ನೇ ಇಂಗ್ಲಿಷಿನಲ್ಲಿ ಹೇಳಿದನಂತೆ. ಹಾಳೆಯನ್ನು ಅಜ್ಜಿಗೂ ಕಳಿಸಿ ಅಂದಿದ್ದು ಇದಕ್ಕೇ.

ಶಬ್ದದ ಪಾಠಕ್ಕೆ ಯಕ್ಷಗಾನದ ಮದ್ದಳೆಗಿಂತ ಒಳ್ಳೆಯ ಉದಾಹರಣೆ ಬೇಕಾ? ಚರ್ಮ ಬಿಗಿ ಮಾಡಿದರೆ ಸ್ವರ ಏರುತ್ತದೆ, ಬಡಿದ ತಕ್ಷಣ ಕೈಯಿಟ್ಟರೆ ಕಂಪನ ನಿಲ್ಲುತ್ತದೆ, ಶಬ್ದವೂ ನಿಲ್ಲುತ್ತದೆ. ಒಂದು ವಿಡಿಯೋ ಸಾಕು.

ಭೂಗೋಳದಲ್ಲಿ ನದಿ, ಬೆಟ್ಟ, ಜ್ವಾಲಾಮುಖಿ ಬರುತ್ತವೆ. ನದಿಯ ಪಾಠಕ್ಕೆ ಕ್ಲಾಸಿನಲ್ಲಿ ಥೇಮ್ಸ್ ಅಥವಾ ಸೆವರ್ನ್ ತೆಗೆದುಕೊಳ್ಳಬಹುದು. ಮನೆಯಲ್ಲಿ ನೀವು ತುಂಗೆಯನ್ನು ತೆಗೆದುಕೊಳ್ಳಿ. ಗಂಗಾಮೂಲದಲ್ಲಿ ಹುಟ್ಟಿ, ಶೃಂಗೇರಿ, ತೀರ್ಥಹಳ್ಳಿ, ಗಾಜನೂರು ಅಣೆಕಟ್ಟು, ಶಿವಮೊಗ್ಗ ದಾಟಿ, ಕೂಡಲಿಯಲ್ಲಿ ಭದ್ರೆ ಸೇರಿ, ಮುಂದೆ ತುಂಗಭದ್ರೆಯಾಗಿ ಕೃಷ್ಣೆಗೆ ಸೇರಿ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಉಗಮ, ಉಪನದಿ, ಸಂಗಮ, ಸಮುದ್ರ, ಟೀಚರ್ ಹೇಳುವುದೆಲ್ಲ ಇದರಲ್ಲೇ ಇದೆ. ಅಲ್ಲಿನ ಬೇಸಿಗೆ ರಜೆ ಜುಲೈ ಕೊನೆಯಿಂದ ಆಗಸ್ಟ್ ಕೊನೆವರೆಗೆ, ಅಂದರೆ ನಮ್ಮ ಮಳೆಗಾಲ. ಆಗಲೇ ಊರಿಗೆ ಬಂದರೆ ಆಗುಂಬೆ ಮಳೆಯನ್ನೂ ಜೋಗವನ್ನೂ ಕಣ್ಣಾರೆ ನೋಡಬಹುದು. ನಡುವೆ ಮದುವೆ, ಉಪನಯನ, ಜಾತ್ರೆ ಅಂತ ಶಾಲೆ ಬಿಡಿಸಿ ಕರೆತರುವುದು ಅಲ್ಲಿ ಸುಲಭವಿಲ್ಲ. ಅನುಮತಿ ಇಲ್ಲದೆ 5 ದಿನ ತಪ್ಪಿಸಿದರೆ ದಂಡ ಬೀಳಬಹುದು: ಒಬ್ಬ ಪೋಷಕರಿಗೆ, ಒಂದು ಮಗುವಿಗೆ 80 ಪೌಂಡ್, 21 ದಿನದೊಳಗೆ ಕಟ್ಟದಿದ್ದರೆ 160.

ಇತಿಹಾಸದಲ್ಲಿ ಶಿಲಾಯುಗ, ರೋಮನ್ನರು, ಆಂಗ್ಲೋ ಸ್ಯಾಕ್ಸನ್ನರು, ವೈಕಿಂಗರು ಇರುತ್ತಾರೆ. ಪ್ರಾಚೀನ ನಾಗರಿಕತೆಗಳಲ್ಲಿ ಒಂದನ್ನು ಶಾಲೆಯೇ ಆರಿಸಿಕೊಳ್ಳಬಹುದು, ಆ ಪಟ್ಟಿಯಲ್ಲಿ ಸಿಂಧೂ ಕಣಿವೆಯೂ ಇದೆ. ರೋಮನ್ನರ ಪಾಠ ಬಂದಾಗ ಮಗುವಿಗೆ ಒಂದು ಮಾತು ಹೇಳಿ: ಬ್ರಿಟನ್ನಿನಲ್ಲಿ ರೋಮನ್ನರ ಆಳ್ವಿಕೆ ಮುಗಿಯುತ್ತಾ ಬಂದ ಕಾಲದಲ್ಲಿ ನಮ್ಮ ಬನವಾಸಿಯಲ್ಲಿ ಕದಂಬರು ಆಳುತ್ತಿದ್ದರು, ಆ ವಂಶದ ಮಯೂರಶರ್ಮನ ಕಥೆ ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಕಲ್ಲಿನ ಕಂಬದ ಮೇಲೆ ಇವತ್ತಿಗೂ ಇದೆ. ತನ್ನೂರಿಗೂ ಅಷ್ಟೇ ಹಳೆಯ ಕಥೆ ಇದೆ ಅಂತ ಗೊತ್ತಾದ ಮಗು ಕ್ಲಾಸಿನಲ್ಲಿ ಕೈ ಎತ್ತುತ್ತದೆ. ನಾನು ನೋಡಿದ್ದೇನೆ.

ಸಂಗೀತ, ಕಂಪ್ಯೂಟಿಂಗ್, ಚಿತ್ರಕಲೆ ಇರುತ್ತವೆ, ಒಂದು ಬೇರೆ ಭಾಷೆಯೂ ಇರುತ್ತದೆ, ಹೆಚ್ಚಾಗಿ ಫ್ರೆಂಚ್ ಅಥವಾ ಸ್ಪ್ಯಾನಿಷ್. ಪ್ರೈಮರಿ ಮುಗಿಯುವುದರೊಳಗೆ 25 ಮೀಟರ್ ಈಜಲು ಬರಬೇಕು ಅಂತ ಪಠ್ಯಕ್ರಮದಲ್ಲೇ ಇದೆ. ಡಬ್ಬಿಯ ಬಗ್ಗೆಯೂ ಒಂದು ಮಾತು: ಅಲರ್ಜಿ ಕಾರಣಕ್ಕೆ ತುಂಬಾ ಶಾಲೆಗಳಲ್ಲಿ ಶೇಂಗಾ, ಗೋಡಂಬಿ ತರುವಂತಿಲ್ಲ, ಹಾಗಾಗಿ ಶೇಂಗಾ ಚಟ್ನಿಪುಡಿ, ಚಿಕ್ಕಿ ಕಳಿಸಬೇಡಿ.

"ಮನೆಯಲ್ಲೂ ಇಂಗ್ಲಿಷೇ ಮಾತಾಡಬೇಕಾ?" ಅಂತ ಕೇಳುತ್ತಾರೆ. ಬೇಡವೇ ಬೇಡ. ನಾನು ಜೊತೆಗೆ ಕೆಲಸ ಮಾಡಿದ ಟೀಚರುಗಳು ಮನೆಯ ಭಾಷೆ ಬಿಡಬೇಡಿ ಅಂತಲೇ ಹೇಳುತ್ತಿದ್ದರು. ಇಂಗ್ಲಿಷ್ ಆರು ಗಂಟೆ ಶಾಲೆಯಲ್ಲಿ ಸಿಗುತ್ತದೆ. ಕನ್ನಡ ನಿಮ್ಮಿಂದ ಮಾತ್ರ ಸಿಗುತ್ತದೆ.

ವರ್ಷದಲ್ಲಿ ಎರಡು ಸಲವಾದರೂ ಪೇರೆಂಟ್ಸ್ ಈವ್ನಿಂಗ್ ಇರುತ್ತದೆ. ಸಿಗುವುದು ಹತ್ತು ನಿಮಿಷ. "ಎಷ್ಟನೇ ರ್‍ಯಾಂಕ್" ಅಂತ ಕೇಳಿದರೆ ಉತ್ತರ ಸಿಗುವುದಿಲ್ಲ, ಅಲ್ಲಿ ರ್‍ಯಾಂಕ್ ಹೇಳುವುದಿಲ್ಲ. ವಯಸ್ಸಿಗೆ ತಕ್ಕ ಮಟ್ಟದಲ್ಲಿ ಇದೆಯಾ, ಅದಕ್ಕಿಂತ ಹಿಂದಿದೆಯಾ, ಮುಂದಿದೆಯಾ ಅಂತ ಹೇಳುತ್ತಾರೆ. "ಮಗು ಚೆನ್ನಾಗಿ ಹೊಂದಿಕೊಂಡಿದೆ" ಅನ್ನುವ ಮಾತಿಗೇ ಸಮಾಧಾನಪಟ್ಟು ಎದ್ದು ಬರಬೇಡಿ. ಮಗುವಿನ ಗಣಿತದ ನೋಟ್‌ಬುಕ್ ಕೇಳಿ ತೆಗೆಸಿ, ತಿರುವಿ ನೋಡಿ. ಓದಿನಲ್ಲಿ ಎಲ್ಲಿ ತಡೆಯುತ್ತದೆ, ಮಗ್ಗಿಯಲ್ಲಿ ಯಾವುದು ಬಾಕಿ ಇದೆ, ಮುಂದಿನ ಟರ್ಮಿನ ವಿಜ್ಞಾನದ ಪಾಠ ಯಾವುದು, ಈ ಮೂರನ್ನು ಕೇಳಿಕೊಂಡು ಬನ್ನಿ.