ಹೀಟ್ ಮೀಟರ್ ಮುಳ್ಳು ಸುಳ್ಳು ಹೇಳುತ್ತಿತ್ತು

ಲೋಡ್ ಹಾಕಿಕೊಂಡು ಉದ್ದನೆಯ ಏರು ಹತ್ತಿ, ಮೇಲೆ ಲಾರಿ ನಿಲ್ಲಿಸಿದ್ದೆ. ಇಂಜಿನ್ ಆಫ್ ಮಾಡಿದ ಮೇಲೆ ಮುಂದಿನಿಂದ ಕೊತಕೊತ ಸದ್ದು. ರೇಡಿಯೇಟರ್ ಓವರ್‌ಫ್ಲೋ ಪೈಪಿನಿಂದ ಆವಿ, ಜೊತೆಗೆ ಇಂಜಿನ್ ತಣಿಸುವ ಕೂಲೆಂಟ್ ನೀರಿನ ಆ ಸಿಹಿ ವಾಸನೆ. ಮತ್ತೆ ಕೀ ತಿರುಗಿಸಿ ನೋಡಿದರೆ ಮೀಟರ್ ಮುಳ್ಳು ಅರ್ಧಕ್ಕಿಂತ ಕೆಳಗೆ ಆರಾಮಾಗಿ ನಿಂತಿತ್ತು. ಇದನ್ನೇ ನಂಬಿಕೊಂಡು ಎಷ್ಟು ಏರು ಹತ್ತಿಸಿದ್ದೇನೆ ಅಂತ ನೆನೆದು ನಿಜವಾಗಿಯೂ ಭಯ ಆಯಿತು. ಜಾಸ್ತಿ ತೋರಿಸುವ ಮೀಟರ್ ಗಾಬರಿ ಹುಟ್ಟಿಸುತ್ತದೆ, ಅಷ್ಟೇ. ಕಡಿಮೆ ತೋರಿಸುವ ಮೀಟರ್ ಹೆಡ್ ಗ್ಯಾಸ್ಕೆಟ್ (ಇಂಜಿನ್‌ನ ಹೆಡ್‌ಗೂ ಬ್ಲಾಕ್‌ಗೂ ನಡುವಿನ ಸೀಲ್) ಸುಡುವವರೆಗೂ ನಮ್ಮನ್ನು ಎಚ್ಚರಿಸುವುದಿಲ್ಲ.

ಅವತ್ತು ರೇಡಿಯೇಟರ್ ಕ್ಯಾಪ್ ಮುಟ್ಟಲಿಲ್ಲ. ಬಿಸಿ ಇರುವಾಗ ತೆಗೆದರೆ ಕುದಿನೀರು ಮುಖಕ್ಕೇ ಹಾರುತ್ತದೆ. ಗಾಡಿ ಪೂರ್ತಿ ಆರಿದ ಮೇಲೆ ತೆಗೆದು ಕೂಲೆಂಟ್ ಮೇಲಿನವರೆಗೆ ತುಂಬಿಸಿದೆ. ಮೀಟರ್ ಪರೀಕ್ಷೆಗೆ ಮೊದಲು ಇದು ಆಗಲೇಬೇಕು. ನೀರು ಕಡಿಮೆಯಾಗಿ, ಬಿಸಿಯನ್ನು ಗ್ರಹಿಸಿ ಮೀಟರ್‌ಗೆ ತಿಳಿಸುವ ಸೆನ್ಸರ್‌ನ ತುದಿ ಗಾಳಿಯಲ್ಲಿ ಉಳಿದರೆ, ಇಂಜಿನ್ ಕಾದರೂ ಮುಳ್ಳು ಮೇಲೇಳದೇ ಇರಬಹುದು. ಆದರೆ ತುಂಬಿಸಿ ಓಡಿಸಿದಾಗಲೂ ಮುಳ್ಳು ಅಲ್ಲೇ ಇತ್ತು.

ಹಾಗಾದರೆ ಇಂಜಿನ್‌ನ ನಿಜವಾದ ಬಿಸಿ ಎಷ್ಟು? ಅದು ಗೊತ್ತಾಗದೆ ಮೀಟರನ್ನು ದೂರಿ ಪ್ರಯೋಜನ ಇಲ್ಲ. ಗುರಿ ಹಿಡಿದು ಬಿಸಿ ಅಳೆಯುವ ಇನ್‌ಫ್ರಾರೆಡ್ ಗನ್ ತಂದು ಥರ್ಮೋಸ್ಟಾಟ್ ಹೌಸಿಂಗ್ ಮೇಲೆ ಹಿಡಿದೆ. ಥರ್ಮೋಸ್ಟಾಟ್ ಅಂದರೆ ಇಂಜಿನ್ ಕಾದಾಗ ತೆರೆದು ಕೂಲೆಂಟನ್ನು ರೇಡಿಯೇಟರ್‌ಗೆ ಬಿಡುವ ವಾಲ್ವ್, ಹೌಸಿಂಗ್ ಅದರ ಹೊರಕವಚ. 58 ಡಿಗ್ರಿ ತೋರಿಸಿತು. ಕೈ ಹತ್ತಿರ ಒಯ್ದರೇ ಸುಡುತ್ತಿದೆ, 58 ಹೇಗೆ ಸಾಧ್ಯ? ಗನ್‌ನಲ್ಲಿ ತಪ್ಪಿರಲಿಲ್ಲ. ಹೊಳೆಯುವ ಅಲ್ಯೂಮಿನಿಯಂ ತನ್ನ ಬಿಸಿಯನ್ನು ಗನ್‌ಗೆ ಸರಿಯಾಗಿ ಬಿಟ್ಟುಕೊಡುವುದಿಲ್ಲ, ಸುತ್ತಲಿನದನ್ನು ಕನ್ನಡಿಯ ಹಾಗೆ ಹಿಂದಕ್ಕೆ ತೋರಿಸುತ್ತದೆ. ಇಂಜಿನ್ ಆರಿದ ಮೇಲೆ ಅದೇ ಜಾಗ ಒರೆಸಿ, ಕಪ್ಪು ಇನ್ಸುಲೇಷನ್ ಟೇಪಿನ ಒಂದು ಚೂರು ಅಂಟಿಸಿ, ಮತ್ತೆ ಸ್ಟಾರ್ಟ್ ಮಾಡಿದೆ. ಈ ಸಲ ಟೇಪ್ ಮೇಲೆ ಹಿಡಿದಾಗ 80 ಹತ್ತಿರ ಬಂತು. ಅದೇ ಹೊತ್ತಿಗೆ ರೇಡಿಯೇಟರ್‌ನ ಮೇಲಿನ ಹೋಸ್ ಪೈಪ್ ಬೆಚ್ಚಗಾಗತೊಡಗಿತು, ಅಂದರೆ ಥರ್ಮೋಸ್ಟಾಟ್ ತೆರೆಯಿತು. ನನ್ನ ಥರ್ಮೋಸ್ಟಾಟ್ ಮೇಲೆ ಒತ್ತಿರುವ, ಅದು ತೆರೆಯಬೇಕಾದ ಬಿಸಿಯ ಅಂಕಿ 82. ಲೋಹದ ಹೊರಮೈ ಒಳಗಿನ ನೀರಿಗಿಂತ ಒಂದೆರಡು ಡಿಗ್ರಿ ತಣ್ಣಗಿರುವುದು ಸಹಜ. ಲೆಕ್ಕ ಕೂಡಿಬಂತು. ಮೀಟರ್ ಮುಳ್ಳು ಮಾತ್ರ ಆಗ ಇನ್ನೂ ಕಾಲು ಭಾಗದಲ್ಲಿತ್ತು.

ಈ ಹಳೇ ಎಲೆಕ್ಟ್ರಿಕ್ ಮೀಟರ್ ಕೆಲಸ ಮಾಡುವ ರೀತಿ ಸರಳ. ಸೆನ್ಸರ್ ಬಿಸಿಯಾದಷ್ಟೂ ಅದರ ರೆಸಿಸ್ಟೆನ್ಸ್ (ಕರೆಂಟಿಗೆ ಒಡ್ಡುವ ತಡೆ) ಇಳಿಯುತ್ತದೆ, ಕರೆಂಟ್ ಜಾಸ್ತಿ ಹರಿಯುತ್ತದೆ, ಮುಳ್ಳು ಏರುತ್ತದೆ. ಕರೆಂಟ್ ವಾಪಸ್ ಹೋಗುವುದು ಸೆನ್ಸರ್‌ನ ಮೈಯಿಂದ, ಅದನ್ನು ಸ್ಕ್ರೂ ಹಾಗೆ ತಿರುಗಿಸಿ ಕೂರಿಸುವ ಥ್ರೆಡ್ ಮೂಲಕ, ಇಂಜಿನ್‌ಗೆ. ಈ ದಾರಿಯಲ್ಲಿ ಎಲ್ಲಿ ತುಕ್ಕು ಹಿಡಿದರೂ, ಎಲ್ಲಿ ಸಡಿಲ ಆದರೂ ರೆಸಿಸ್ಟೆನ್ಸ್ ಸೇರಿಕೊಳ್ಳುತ್ತದೆ. ಮೀಟರ್‌ಗೆ ಅದು ‘ಇಂಜಿನ್ ತಣ್ಣಗಿದೆ’ ಅಂತಲೇ ಕಾಣುತ್ತದೆ. ಇದು ಅರ್ಥವಾದ ಮೇಲೆ ಹುಡುಕುವುದು ಸಲೀಸಾಯಿತು.

ಕೀ ಆನ್ ಮಾಡಿ, ಸೆನ್ಸರ್ ವೈರ್ ಎಳೆದೆ. ಮುಳ್ಳು ಪೂರ್ತಿ ಕೆಳಗಿಳಿಯಿತು. ವೈರ್ ತುದಿಯನ್ನು ಇಂಜಿನ್ ಬ್ಲಾಕ್‌ಗೆ ತಾಗಿಸಿದೆ. ಕೆಂಪು ದಾಟಿ ಕೊನೆ ಮುಟ್ಟಲು ಹೊರಟಿತು, ತಕ್ಷಣ ತೆಗೆದೆ. ಜಾಸ್ತಿ ಹೊತ್ತು ತಾಗಿಸಿ ಹಿಡಿದರೆ ಮೀಟರೇ ಸುಟ್ಟು ಹೋಗಬಹುದು. ಅಂದರೆ ಮೀಟರ್, ವೈರ್ ಎರಡೂ ಸರಿ. ಡೀಸೆಲ್ ಮುಳ್ಳು ಕೂಡ ಸರಿಯಾಗಿ ತೋರಿಸುತ್ತಿದ್ದರಿಂದ ಎರಡೂ ಮೀಟರ್‌ಗೆ ಕರೆಂಟ್ ಕೊಡುವ ಡ್ಯಾಶ್‌ಬೋರ್ಡ್‌ನ ವೋಲ್ಟೇಜ್ ರೆಗ್ಯುಲೇಟರ್ ಮೇಲೂ ಅನುಮಾನ ಬರಲಿಲ್ಲ. ಆಮೇಲೆ ಅದೇ ವೈರನ್ನು ಸೆನ್ಸರ್‌ನ ಸ್ಪ್ಯಾನರ್ ಹಾಕುವ ಆರು ಮೂಲೆಯ ಭಾಗಕ್ಕೆ ತಾಗಿಸಿದೆ. ಮುಳ್ಳು ಮುಕ್ಕಾಲಿಗೆ ಬಂದು ನಿಂತುಬಿಟ್ಟಿತು! ಬ್ಲಾಕ್‌ಗೂ ಸೆನ್ಸರ್ ಮೈಗೂ ನಡುವೆ ಇರುವುದು ಒಂದು ಥ್ರೆಡ್ ಮಾತ್ರ. ಕೀ ಆಫ್ ಮಾಡಿ, ರೆಸಿಸ್ಟೆನ್ಸ್ ಅಳೆಯಲು ಮಲ್ಟಿಮೀಟರ್ ಹಿಡಿದೆ. ಬ್ಲಾಕ್‌ನಿಂದ ಬ್ಯಾಟರಿ ನೆಗೆಟಿವ್‌ಗೆ ಹೆಚ್ಚುಕಡಿಮೆ ಸೊನ್ನೆ. ಸೆನ್ಸರ್ ಮೈಯಿಂದ ಬ್ಯಾಟರಿ ನೆಗೆಟಿವ್‌ಗೆ 14 ಓಮ್.

ತಣ್ಣಗಿನ ಇಂಜಿನ್‌ನಿಂದ ಸ್ವಲ್ಪ ಕೂಲೆಂಟ್ ಇಳಿಸಿ ಸೆನ್ಸರ್ ಬಿಚ್ಚಿದೆ. ಥ್ರೆಡ್ ತುಂಬ ಬಿಳಿ ಟೆಫ್ಲಾನ್ ಟೇಪ್, ಪದರದ ಮೇಲೆ ಪದರ. ಅದರಡಿ ಕಂದು ತುಕ್ಕು. ಹಿಂದೆ ಸೆನ್ಸರ್ ಬದಲಿಸಿದಾಗ ಲೀಕ್ ಆಗದಿರಲಿ ಅಂತ ಅಷ್ಟು ಸುತ್ತಿದ್ದು ನಾನೇ. ಅರ್ತ್, ಅಂದರೆ ಕರೆಂಟ್ ವಾಪಸ್ ಹೋಗುವ ದಾರಿಯನ್ನು ನನ್ನ ಕೈಯಾರೆ ಮುಚ್ಚಿದ್ದೆ.

ಟೇಪ್ ಕೆರೆದು, ವೈರ್ ಬ್ರಷ್‌ನಿಂದ ಥ್ರೆಡ್ ಉಜ್ಜಿದೆ. ಬಿಚ್ಚಿದ್ದು ಆಗಿದೆ, ಪೂರ್ತಿ ಪರೀಕ್ಷೆ ಮಾಡಿಬಿಡೋಣ ಅನ್ನಿಸಿತು. ಲಾರಿ ಪಕ್ಕದಲ್ಲೇ ಸಣ್ಣ ಒಲೆ ಇಟ್ಟು ಪಾತ್ರೆಯಲ್ಲಿ ನೀರು ಕಾಯಿಸಿದೆ. ಸೆನ್ಸರ್‌ನ ತುದಿ ಮಾತ್ರ ಮುಳುಗುವಂತೆ, ಪಾತ್ರೆಯ ತಳಕ್ಕೆ ತಾಗದಂತೆ ತಂತಿಯಲ್ಲಿ ನೇತುಹಾಕಿದೆ. ಮೀಟರ್ ವೈರನ್ನು ಉದ್ದ ಮಾಡಿ ಟರ್ಮಿನಲ್‌ಗೆ ಕೊಟ್ಟೆ. ಸೆನ್ಸರ್ ಮೈಯಿಂದ ಇನ್ನೊಂದು ವೈರ್ ನೇರವಾಗಿ ಬ್ಯಾಟರಿ ನೆಗೆಟಿವ್‌ಗೆ. ಪಕ್ಕದಲ್ಲೇ ಥರ್ಮಾಮೀಟರ್. ಮೊದಲು ನೀರು ಕುದಿಸಿ ಥರ್ಮಾಮೀಟರನ್ನೇ ಪರೀಕ್ಷಿಸಿದೆ, ಯಾಕೆಂದರೆ ಅದೂ ತಪ್ಪು ಹೇಳಬಹುದಲ್ವಾ? ಸಮುದ್ರ ಮಟ್ಟದಲ್ಲಿ ನೀರು ಕುದಿಯುವುದು 100 ಡಿಗ್ರಿಗೆ. ಸುಮಾರು 300 ಮೀಟರ್ ಎತ್ತರಕ್ಕೆ ಒಂದು ಡಿಗ್ರಿಯಂತೆ ಇಳಿಯುತ್ತದೆ, ಆ ಲೆಕ್ಕ ಹಿಡಿಯಬೇಕು.

ಆಮೇಲೆ ಉರಿ ಆರಿಸಿ, ನೀರು ತಣಿಯುತ್ತಾ ಬಂದಂತೆ ಗುರುತು ಮಾಡಿದೆ. ಕಾಯಿಸುವಾಗ ಮಾಡುವುದಕ್ಕಿಂತ ತಣಿಯುವಾಗ ಮಾಡುವುದೇ ಒಳ್ಳೆಯದು. ಬಿಸಿ ನಿಧಾನಕ್ಕೆ ಬದಲಾಗುತ್ತದೆ, ಮುಳ್ಳಿಗೂ ಬಂದು ನಿಲ್ಲಲು ಸಮಯ ಸಿಗುತ್ತದೆ. ನೀರನ್ನು ಆಗಾಗ ಕಲಕುತ್ತಿದ್ದೆ. ನನ್ನ ಮೀಟರ್‌ನಲ್ಲಿ ಅಂಕಿಗಳೇ ಇಲ್ಲ, ಬರೀ ಗೆರೆ. ಅದಕ್ಕೇ ಗಾಜಿನ ಮೇಲೆ ಮಾರ್ಕರ್ ಪೆನ್ನಿನಿಂದ 90, 82, 70ಕ್ಕೆ ಸಣ್ಣ ಚುಕ್ಕೆ ಇಟ್ಟೆ. 82 ಬಂದದ್ದು ಅರ್ಧಕ್ಕಿಂತ ಒಂದು ಕೂದಲೆಳೆ ಕೆಳಗೆ. ಕುದಿನೀರಿನಲ್ಲೂ ಮುಳ್ಳು ಕೆಂಪು ಮುಟ್ಟಿರಲಿಲ್ಲ. ಅದು ಸರಿಯೇ. ರೇಡಿಯೇಟರ್ ಕ್ಯಾಪ್ ಒತ್ತಡ ಹಿಡಿದಿಡುವುದರಿಂದ ಒಳಗಿನ ಕೂಲೆಂಟ್ 100 ದಾಟಿದರೂ ಕುದಿಯುವುದಿಲ್ಲ.

ಸೆನ್ಸರ್ ವಾಪಸ್ ಹಾಕುವಾಗ ಟೇಪ್ ಮುಟ್ಟಲಿಲ್ಲ. ನನ್ನದು ತುದಿಗೆ ಸಣ್ಣಗಾಗುತ್ತಾ ಹೋಗುವ ಥ್ರೆಡ್, ಬಿಗಿಯಾದಂತೆ ತಾನೇ ಸೀಲ್ ಆಗುತ್ತದೆ. ಥ್ರೆಡ್‌ನ ನಡುಭಾಗಕ್ಕೆ ಮಾತ್ರ ಸೀಲಂಟ್ ತೆಳ್ಳಗೆ ಸವರಿದೆ. ಮತ್ತೆ ಅಳೆದಾಗ 14 ಓಮ್ ಮಾಯ.

ಮೀಟರ್ ನಿಜ ಹೇಳತೊಡಗಿದ ಮೇಲೆ ಇಂಜಿನ್‌ನ ಕಾಯಿಲೆಯೂ ಕಂಡಿತು. ಏರಿನಲ್ಲಿ ಮುಳ್ಳು ಸರಸರ ಕೆಂಪಿನ ಕಡೆಗೆ ಹೊರಟಿತು. ನಿಲ್ಲಿಸಿ ನೋಡಿದರೆ ಫ್ಯಾನ್ ಬೆಲ್ಟ್ ಸಡಿಲ, ರೇಡಿಯೇಟರ್ ಜಾಲರಿಯಲ್ಲಿ ಧೂಳು, ಹುಳ, ಒಣಹುಲ್ಲು ಗಟ್ಟಿಯಾಗಿ ಕೂತಿದ್ದವು. ಆರಿದ ಮೇಲೆ ಇಂಜಿನ್ ಕಡೆಯಿಂದ ಹೊರಕ್ಕೆ ನೀರು ಬಿಟ್ಟು ತೊಳೆದೆ, ಬೆಲ್ಟ್ ಬಿಗಿ ಮಾಡಿದೆ. ಮತ್ತೆ ಅಷ್ಟೇ ಲೋಡಿನಲ್ಲಿ ಅದೇ ಏರು ಹತ್ತಿಸಿದಾಗ ಮುಳ್ಳು 90ರ ಚುಕ್ಕೆ ದಾಟಿ ಸ್ವಲ್ಪ ಮೇಲೆ ಹೋಗಿ ನಿಂತಿತು. ಸಮತಟ್ಟಿಗೆ ಬಂದು ಒಂದೆರಡು ಕಿಲೋಮೀಟರ್ ಓಡುವಷ್ಟರಲ್ಲಿ 82ಕ್ಕೆ ಇಳಿದಿತ್ತು.